ಆರನೆಯ ಸ್ಥಳದ ಹೆಂಗಸು

ಆ ಪ್ರಶ್ನೆಯನ್ನು ಮೊದಲು ಕೇಳಿದವನು ನಾನು. ದನಿ ಯೇಸುಮಿತ್ರ ಮೇಷ್ಟ್ರದ್ದು, ಬಾಯಿ ಮಾತ್ರ ನನ್ನದು. ಹಲಸೂರಿನಲ್ಲಿ ಇವತ್ತಿಗೂ ಯಾರಾದರೂ ಆ ತಪಸ್ಸುಕಾಲದ ಮಾತೆತ್ತಿದರೆ, ಪ್ರಾಟೆಸ್ಟೆಂಟಿನವರು ನಮ್ಮ ವೆರೋನಿಕಾಳನ್ನು ನಾಟಕದಿಂದ ಓಡಿಸಿಬಿಟ್ಟರು ಎಂದು ಎಲ್ಲವನ್ನೂ ಮೇಷ್ಟ್ರ ತಲೆಗೇ ಕಟ್ಟುತ್ತಾರೆ. ನಾನೂ ಪಕ್ಕದಲ್ಲಿ ನಿಂತು ಹೌದಪ್ಪಾ ಹೌದು ಎಂದು ತಲೆಯಾಡಿಸಿದ್ದುಂಟು. ನಿಜ ಏನೆಂದರೆ, ವೆರೋನಿಕಾ ಎಂಬ ಹೆಂಗಸೊಬ್ಬಳು ಇದ್ದಾಳೆ ಎಂಬುದೇ ಮೇಷ್ಟ್ರಿಗೆ ಗೊತ್ತಿರಲಿಲ್ಲ. ನಾಲ್ಕು ಜನ ನಗಲಿ ಎಂದು ಬೆಂಚು ಹತ್ತಿ, ಅವರದೇ ದನಿಯಲ್ಲಿ ಅವಳ ವಿಳಾಸ ಕೇಳಿದವನು ನಾನು. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎನ್ನುತ್ತಾರೆ. ಈ ಕೋತಿ ಅಷ್ಟೇನೂ ಕೆಡಲಿಲ್ಲ. ಅದೇ ಬಾಯಿಯಿಂದ ಈಗ ಸಂಬಳ ತೆಗೆದುಕೊಳ್ಳುತ್ತಿದೆ.

ಮೊನ್ನೆ ಇಂದಿರಾನಗರದ ಒಂದು ಸ್ಟುಡಿಯೋದಲ್ಲಿ ಕೂತಿದ್ದೆ. ಸಾಮಾನ್ಯವಾಗಿ ನನ್ನಿಂದ ದನಿಯನ್ನಷ್ಟೇ ಕೊಳ್ಳುತ್ತಾರೆ. ಎಫ್‌ಎಂನಲ್ಲಿ ಸಾಂಬಾರ್ ಪುಡಿಗೆ ಅಜ್ಜಿ, ಸೈಟು ಮಾರಲು ಗೌಡರು, ಮೊಬೈಲ್ ಕರೆನ್ಸಿಗೆ ಕಾಲೇಜು ಹುಡುಗಿ, ಎಲ್ಲವೂ ನಾನೇ. ಅವತ್ತು ಅದೇಕೋ ನನ್ನ ಮುಖವೂ ಬೇಕಾಗಿ, ಕೂದಲೆಣ್ಣೆ ಹೊಗಳುವ ಋಷಿಯ ಗಡ್ಡ ಅಂಟಿಸಲು ಮೇಕಪ್‌ನವರು ಕೆನ್ನೆಗೆ ಸ್ಪಿರಿಟ್ ಗಮ್ ಸವರಿದರು. ವಾರ್ನಿಷ್ ಅಂಗಡಿಯನ್ನೂ ಇಂಜೆಕ್ಷನ್ ಕೊಡುವ ಕೋಣೆಯನ್ನೂ ಕಲಸಿದಂಥ ವಾಸನೆ ಅದು. ಮೂಗಿಗೆ ಬಿದ್ದದ್ದೇ ತಡ, ಹಲಸೂರಿನ ಒಂದು ಮಾರ್ಚ್ ಸಂಜೆ ಎದುರಿಗೆ ಬಂದು ನಿಂತಿತು. ಹೊಂಗೆಮರದ ಕೆಳಗೆ ರಿಹರ್ಸಲ್‌ಗೆಂದು ಗಡ್ಡ ಅಂಟಿಸಿಕೊಳ್ಳಲು ಸಾಲುಗಟ್ಟಿ ನಿಂತ ಯೇಸುವಿನ ಶಿಷ್ಯರು, ಬೆವರಿಗೆ ಅರ್ಧ ಕಿತ್ತುಬಂದ ಯೂದನ ಮೀಸೆ, ಬಿಳಿ ಬಟ್ಟೆಯೊಂದನ್ನು ಮಡಿಸಿ ಕೈಯಲ್ಲಿ ಹಿಡಿದು ತನ್ನ ಸರದಿಗೆ ಕಾಯುತ್ತಿದ್ದ ಫಿಲೋಮಿನಾ ಆಂಟಿ. ನನ್ನ ಮುಖ ನೋಡಿ ಮೇಕಪ್‌ನವರು ಅಲರ್ಜಿಯಾ ಸಾರ್ ಎಂದರು. ಹೌದು ಎಂದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಆಗಿನ್ನೂ ಜನ ವಾಸವಾಗಿದ್ದರು. ಮನೆಗಳ ಮುಂದೆ ತುಳಸಿ, ಗುಲಾಬಿ, ಒಣಹಾಕಿದ ಹಾಸಿಗೆ ಹೊದಿಕೆ ಕಾಣುತ್ತಿದ್ದವು. ನಾನು ಬಿ.ಕಾಂ. ಎರಡನೆಯ ವರ್ಷವನ್ನು ಎರಡನೆಯ ಸಲ ಓದುತ್ತಿದ್ದೆ. ಓದುತ್ತಿದ್ದೆ ಎಂಬುದು ನಮ್ಮಮ್ಮನ ನಂಬಿಕೆ. ಅಮ್ಮನಿಗೆ ಅಂಥ ನಂಬಿಕೆಗಳು ಹಲವಿದ್ದವು. ತಪಸ್ಸುಕಾಲ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ವ್ರತ, ಶುರುವಾದರೆ ನಮ್ಮ ಕ್ಯಾಥೊಲಿಕ್ ಮನೆಗಳಲ್ಲಿ ಶುಕ್ರವಾರ ಮಾಂಸವಿಲ್ಲ. ಆದರೆ ರಸೆಲ್ ಮಾರ್ಕೆಟ್ಟಿನಿಂದ ಬಂಗಡೆ ಬರುತ್ತಿತ್ತು. ಮೀನು ಮಾಂಸವಲ್ಲ ಎಂದು ತೀರ್ಮಾನಿಸಿದವರು ಯಾರೋ, ಅವರಿಗೆ ನಮ್ಮಪ್ಪ ಪ್ರತಿ ಶುಕ್ರವಾರ ಕೃತಜ್ಞತೆ ಸಲ್ಲಿಸುತ್ತಿದ್ದರು.

ಆ ನಲವತ್ತು ದಿನಗಳಲ್ಲಿ ನಮ್ಮ ಚರ್ಚಿನ ಹುಡುಗರಿಗೆ ಒಂದೇ ಕೆಲಸ: ಪಾಡುಗಳ ನಾಟಕ. ಯೇಸುಸ್ವಾಮಿ ಶಿಲುಬೆ ಹೊತ್ತು ಸಾಯುವ ಕಥೆ. ಈಸ್ಟರ್‌ಗೆ ವಾರ ಮುಂಚೆ ಬರುವ ಗರಿಗಳ ಭಾನುವಾರದ ಹಿಂದಿನ ಸಂಜೆ ಚರ್ಚಿನ ಅಂಗಳದಲ್ಲಿ ನಡೆಯುತ್ತಿತ್ತು. ಆ ವರ್ಷ ಅಂಗಳವೇ ಇರಲಿಲ್ಲ. ಹೊಸ ಹಾಲ್ ಕಟ್ಟಲೆಂದು ಅಗೆದು, ಕಂಬಿ ನಿಲ್ಲಿಸಿ, ಜಲ್ಲಿ ಸುರಿದಿದ್ದರು. ಎರಡು ಬೀದಿ ಆಚೆ ಪ್ರಾಟೆಸ್ಟೆಂಟರ ಚರ್ಚಿತ್ತು. ಅವರಿಗೆ ಹೊಂಗೆಮರಗಳ ದೊಡ್ಡ ಮೈದಾನ. ಅವರ ಬಳಿ ಜಾಗವಿತ್ತು, ನಮ್ಮ ಬಳಿ ಗಡ್ಡಗಳಿದ್ದವು. ನಮ್ಮ ಫಾದರ್ ಲೂರ್ದು ಹೋಗಿ ಕೇಳಿದರು, ಅವರು ಒಪ್ಪಿದರು. ಎರಡು ಸಭೆ, ಒಂದು ನಾಟಕ ಎಂದು ಬ್ಯಾನರೂ ಬಂತು. ಅಮ್ಮ ಅದನ್ನು ನೋಡಿ, ಒಂದೇ ದೇವರು, ಗೇಟು ಮಾತ್ರ ಎರಡು, ಈಗಲಾದರೂ ಒಂದು ತೆಗೆದರಲ್ಲ ಎಂದು ಎದೆ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

ನಮ್ಮ ನಾಟಕದಲ್ಲಿ ನಟರು ಮಾತಾಡುತ್ತಿರಲಿಲ್ಲ. ಮಾತೆಲ್ಲ ಮೊದಲೇ ಕ್ಯಾಸೆಟ್ಟಿಗೆ ಇಳಿಯುತ್ತಿತ್ತು. ವೇದಿಕೆಯ ಮೇಲಿದ್ದವರು ತುಟಿ ಆಡಿಸಿದರೆ ಸಾಕು. ಮೈಕಿನ ಮುಂದೆ ಎಲ್ಲರ ನಾಲಿಗೆಯೂ ಕಟ್ಟುತ್ತಿದ್ದದ್ದರಿಂದ ಹಿರಿಯರು ಕಂಡುಕೊಂಡ ದಾರಿ ಅದು. ಆ ದಾರಿಯ ಕೊನೆಯಲ್ಲಿ ನಾನಿದ್ದೆ. ತೀರ್ಪು ಕೊಟ್ಟ ಪಿಲಾತ ನಾನು, ಮಹಾಯಾಜಕ ನಾನು, ಯೇಸು ಯಾರೋ ಗೊತ್ತಿಲ್ಲ ಎಂದು ಮೂರು ಸಲ ಬೊಗಳೆ ಬಿಟ್ಟ ಪೇತ್ರ ನಾನು, ಆಮೇಲೆ ಕೂಗಿದ ಕೋಳಿಯೂ ನಾನೇ. ಶಿಲುಬೆಗೇರಿಸಿ ಎಂದು ಕೂಗುವ ಜೆರುಸಲೇಮಿನ ಜನಸಾಗರ ಎಂದರೆ ನಾನು ಮತ್ತು ನಾನು ಬಾಯಿಟ್ಟು ಕೂಗುವ ಬಕೆಟ್ಟು. ಯೇಸುವಿನ ದನಿಯೊಂದನ್ನು ಮಾತ್ರ ಫಾದರ್ ನನಗೆ ಕೊಡಲಿಲ್ಲ. ಅದರಲ್ಲಿ ಅವರ ಮುಂದಾಲೋಚನೆ ಇತ್ತು.

ಆ ಕಡೆಯಿಂದ ಬಂದವರು ಯೇಸುಮಿತ್ರ ಮೇಷ್ಟ್ರು. ಪಾಠ ಹೇಳಿ ನಿವೃತ್ತರಾದವರು, ಅವರ ಸಭೆಯ ಹಿರಿಯರು. ಕೆ.ಆರ್. ಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು; ಕಂಕುಳಲ್ಲಿ ಕಪ್ಪು ರಟ್ಟಿನ ಬೈಬಲ್, ಅವರ ಬಾಯಲ್ಲಿ ಸತ್ಯವೇದ, ಕೈಯಲ್ಲಿ ಕೊಡೆ. ಗಡಿಗೆಯೊಳಗಿಂದ ಬಂದಂಥ ದಪ್ಪ ದನಿ. ಯಾವ ಮಾತು ಬಂದರೂ ಎಲ್ಲಿ ಬರೆದಿದೆ ಎಂದು ಕೇಳುವುದು ಅವರ ರೂಢಿ. ರಿಹರ್ಸಲ್ ಆರೂವರೆಗೆ ಎಂದರೆ ಎಲ್ಲಿ ಬರೆದಿದೆ. ದ್ರೋಹಿ ಯೂದನಿಗೆ ಕೆಂಪು ಅಂಗಿ ಯಾಕೆ, ಎಲ್ಲಿ ಬರೆದಿದೆ. ಮೊದಲ ವಾರ ನಾವು ಯೇಸುಸ್ವಾಮಿ ಎನ್ನುವುದೋ ಅವರು ಹೇಳುವಂತೆ ಕರ್ತನು ಎನ್ನುವುದೋ ಎಂಬುದರಲ್ಲೇ ಕಳೆಯಿತು. ಕೊನೆಗೆ ಒಂದು ದೃಶ್ಯಕ್ಕೆ ಸ್ವಾಮಿ, ಇನ್ನೊಂದಕ್ಕೆ ಕರ್ತ ಎಂದು ಹಂಚಿಕೊಂಡರು. ನನಗಂತೂ ಹಬ್ಬ. ಅಂಥ ದನಿ ಸಿಗುವುದು ಮಿಮಿಕ್ರಿ ಮಾಡುವವನಿಗೆ ಲಾಟರಿ ಹೊಡೆದಂತೆ. ವಾರದೊಳಗೆ ಮೇಷ್ಟ್ರ ಕೆಮ್ಮು, ಕನ್ನಡಕ ಏರಿಸುವುದು, ವಚನ ಹುಡುಕುವಾಗ ಬೆರಳಿಗೆ ಉಗುಳು ಹಚ್ಚುವುದು, ಎಲ್ಲ ನನ್ನ ವಶವಾಗಿತ್ತು.

ನನ್ನ ಮಿಮಿಕ್ರಿಗೆ ಮೋಸಹೋಗದ ಜೀವ ಹಲಸೂರಿನಲ್ಲಿ ಒಂದೇ ಒಂದು: ಫಿಲೋಮಿನಾ ಆಂಟಿ. ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್. ನಾನು ಯಾವ ಮ್ಯಾನೇಜರನ ದನಿಯಲ್ಲಿ ಫೋನ್ ಮಾಡಿದರೂ, ಅಂತು, ಲೈನ್ ಬಿಡು, ಕೆಲಸ ಇದೆ ಎಂದು ನನ್ನ ಹೆಸರು ಹಿಡಿದೇ ಹೇಳುತ್ತಿದ್ದರು. ಅವರ ಮಗ ಸೆಲ್ವಿನ್ ನನ್ನ ಓರಗೆಯವನು, ನಾಟಕದ ಟೇಪ್‌ರೆಕಾರ್ಡರ್ ಅವನ ಕೈಯಲ್ಲಿ. ಸೆಲ್ವಿನ್‌ಗೆ ಚಿಕ್ಕಂದಿನಿಂದ ಫಿಟ್ಸ್ ಇತ್ತು. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದ. ಜನ ಸುತ್ತ ನಿಂತರು. ಒಬ್ಬ ಬೀಗದ ಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದ, ಇನ್ನೊಬ್ಬ ಚಪ್ಪಲಿ ಮೂಸಿಸಿದ. ಸುದ್ದಿ ಮುಟ್ಟಿ ಆಂಟಿ ಆಟೋ ಹಿಡಿದು ಬರುವಷ್ಟರಲ್ಲಿ ನಡುಕ ನಿಂತಿತ್ತು, ಜನ ಇನ್ನೂ ನಿಂತಿದ್ದರು, ಹುಡುಗನ ಬಾಯಿಯ ನೊರೆ ಧೂಳಿನ ಜೊತೆ ಗಲ್ಲದ ಮೇಲೆ ಒಣಗಿತ್ತು. ಗಂಡನನ್ನು ಕಳೆದುಕೊಂಡಿದ್ದ ಹೆಂಗಸು. ಆ ವಾರವೇ ಚರ್ಚಿಗೆ ಹೋಗಿ ಹರಕೆ ಕಟ್ಟಿಕೊಂಡರು: ವರ್ಷವರ್ಷ ನಿನ್ನ ಮುಖ ನಾನು ಒರೆಸುತ್ತೇನೆ ಸ್ವಾಮಿ, ನಾನಿಲ್ಲದ ಕಡೆ ನನ್ನ ಮಗನ ಮುಖ ನೀನು ನೋಡಿಕೋ.

ಹಾಗೆ ಅವರು ವೆರೋನಿಕಾ ಆದರು. ನಮ್ಮ ಚರ್ಚಿನ ಗೋಡೆಗಳ ಮೇಲೆ ಶಿಲುಬೆ ಹಾದಿಯ ಹದಿನಾಲ್ಕು ಚಿತ್ರಗಳಿವೆ. ಆರನೆಯ ಸ್ಥಳದಲ್ಲಿ ವೆರೋನಿಕಾ ಎಂಬ ಹೆಂಗಸು ಗುಂಪು ಸೀಳಿ ಬಂದು, ಶಿಲುಬೆ ಹೊತ್ತ ಯೇಸುವಿನ ರಕ್ತ ಬೆವರಿನ ಮುಖವನ್ನು ಬಟ್ಟೆಯಿಂದ ಒರೆಸುತ್ತಾಳೆ. ಬಟ್ಟೆಯ ಮೇಲೆ ಆ ಮುಖ ಮೂಡುತ್ತದೆ. ನಾಟಕದಲ್ಲಿ ಅವಳಿಗೆ ಮಾತಿಲ್ಲ. ಕ್ಯಾಸೆಟ್ಟಿನಲ್ಲಿ ಬರೀ ಕ್ಲಾರಿಯೊನೆಟ್ಟು, ಹಿಂದೆ ನನ್ನ ಜನಸಾಗರ. ಆ ಕ್ಲಾರಿಯೊನೆಟ್ಟು ಮುಗಿಯುವುದರೊಳಗೆ ಬರಬೇಕು, ಒರೆಸಬೇಕು, ಹೋಗಬೇಕು. ವರ್ಷವಿಡೀ ಪೆಟ್ಟಿಗೆಯಲ್ಲಿಟ್ಟ ಬಟ್ಟೆಯನ್ನು ಆಂಟಿ ಅದಕ್ಕಾಗಿ ತೆಗೆಯುತ್ತಿದ್ದರು. ಹರಕೆಯಿಂದ ಫಿಟ್ಸ್ ನಿಂತಿತೇ ಎಂದರೆ ಇಲ್ಲ, ಕಡಿಮೆಯಾಗಿತ್ತು. ಸರ್ಕಾರಿ ಆಸ್ಪತ್ರೆಯ ಮಾತ್ರೆಯೂ ನುಂಗುತ್ತಿದ್ದನಲ್ಲ ಎಂದು ನಾನೊಮ್ಮೆ ಚುಚ್ಚಿದ್ದೆ. ಮಾತ್ರೆ ಮಗನಿಗೆ, ಹರಕೆ ನನಗೆ ಎಂದಿದ್ದರು. ಹರಕೆ ತಪ್ಪಿದ ವರ್ಷ ಏನಾದೀತು ಎಂಬ ಭಯ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಅದನ್ನು ಬಲ್ಲವರು ನಾವಿಬ್ಬರೇ, ನಾನು ಮತ್ತು ಸೆಲ್ವಿನ್.

ಇಷ್ಟು ಗೊತ್ತಿದ್ದೂ ನಾನು ಬೆಂಚು ಹತ್ತಿದೆ.

ರಿಹರ್ಸಲ್ ನಡುವೆ ಟೀ ಬಂದಿತ್ತು. ಮಳೆ ಬರುವ ಹಾಗೆ ಮೋಡ ಕವಿದು ಬರದೆ ಹೋಗಿದ್ದ ಸೆಕೆ. ಕರೆಂಟಿಲ್ಲ, ಟೇಪ್ ಓಡುವುದಿಲ್ಲ, ಎಲ್ಲರಿಗೂ ಬೇಸರ. ಯಾರೋ ನನಗೆ, ಅಂತು, ಮೇಷ್ಟ್ರು ಬರಲಿ ಎಂದರು. ನಾನು ಸೆಲ್ವಿನ್‌ನ ನೋಟ್‌ಬುಕ್ಕನ್ನು ಕಂಕುಳಲ್ಲಿ ಇರುಕಿಕೊಂಡು, ಇಲ್ಲದ ಕನ್ನಡಕ ಏರಿಸಿ, ಒಬ್ಬೊಬ್ಬ ಪಾತ್ರಧಾರಿಯನ್ನೂ ಕರೆದು ವಿಚಾರಣೆ ಶುರು ಮಾಡಿದೆ. ಪೇತ್ರನಿಗೆ ವಚನ ಸಿಕ್ಕಿತು, ಪಾಸಾದ. ಯೂದ ಪಾಸಾದ. ಕೋಳಿಯೂ ಪಾಸಾಯಿತು. ನಗು ಏರುತ್ತಾ ಹೋಯಿತು. ಆಮೇಲೆ ಆಂಟಿಯ ಕಡೆ ಬೆರಳು ತೋರಿಸಿದೆ.

“ಇಲ್ಲಿ ಬನ್ನಿ ತಾಯಿ. ನಿಮ್ಮ ಹೆಸರು? ವೆರೋನಿಕಾ. ಸಂತೋಷ. ಯಾವ ಪುಸ್ತಕ, ಯಾವ ಅಧ್ಯಾಯ, ಎಷ್ಟನೇ ವಚನ? ಎಲ್ಲಿ ಬರೆದಿದೆ, ತೋರಿಸಿ. ಇಲ್ವಾ? ಹಾಗಾದ್ರೆ ನೀವೇ ಇಲ್ಲ ತಾಯಿ. ದಯವಿಟ್ಟು ಗೇಟಿನ ಆಚೆ ಹೋಗಿ.”

ಎಲ್ಲರಿಗಿಂತ ಜೋರಾಗಿ ನಕ್ಕವರು ಆಂಟಿ. ನಗುತ್ತಲೇ ತಿದ್ದಿದರು: ದನಿ ಸರಿ, ಆದರೆ ಕೊನೆ ತಪ್ಪು, ಮೇಷ್ಟ್ರು ಪ್ರಶ್ನೆಯ ಕೊನೆಯಲ್ಲಿ ದನಿ ಇಳಿಸುತ್ತಾರೆ, ನೀನು ಏರಿಸಿದೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನ ನಲ್ಲಿಯ ಬಳಿಯಿಂದ ಅದೇ ಗಡಿಗೆಯ ದನಿ ಬಂತು.

“ವೆರೋನಿಕಾ ಅಂದ್ರೆ ಯಾರಪ್ಪ?”

ದನಿ ಕೊನೆಯಲ್ಲಿ ಇಳಿದಿತ್ತು. ಮೇಷ್ಟ್ರು ಕಾಲು ತೊಳೆಯುತ್ತಾ ನಿಂತಿದ್ದರು. ಅವರಿಗೆ ಸಿಟ್ಟು ಬಂದಿರಲಿಲ್ಲ, ಅದೇ ಕಷ್ಟವಾದದ್ದು. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದರು. ಅವರು ತಿದ್ದಿ ಕೊಟ್ಟಿದ್ದ ಸಂಭಾಷಣೆಯ ಹಾಳೆಗಳಲ್ಲಿ ಮಾತಿಲ್ಲದ ಅವಳ ಹೆಸರಾದರೂ ಹೇಗಿದ್ದೀತು? ಸಂಗೀತ ಎಂದಷ್ಟೇ ಇತ್ತು, ರಿಹರ್ಸಲ್ಲೂ ಇನ್ನೂ ಆ ದೃಶ್ಯದ ತನಕ ಬಂದಿರಲಿಲ್ಲ. ನಮ್ಮ ಚರ್ಚಿನೊಳಗೆ ಅವರು ಕಾಲಿಟ್ಟವರಲ್ಲ, ಗೋಡೆಯ ಚಿತ್ರ ನೋಡಿದವರಲ್ಲ. ಆಂಟಿಯೇ ಮುಂದೆ ಹೋಗಿ ಇಂಥವಳು ಎಂದು ಹೇಳಿದರು. ಮೇಷ್ಟ್ರು ಕೇಳಿಸಿಕೊಂಡು, ನಾನು ಓದಿ ಬರ್ತೀನಮ್ಮ ಎಂದು ಹೋದರು.

ಮರುದಿನ ಸತ್ಯವೇದದ ನಾಲ್ಕು ಕಡೆ ಬಸ್ ಟಿಕೆಟ್ಟು ಸಿಕ್ಕಿಸಿಕೊಂಡು ಬಂದರು. ಅವರ ಚರ್ಚಿನ ಜಗಲಿಯ ಮೇಲೆ ಫಾದರ್ ಲೂರ್ದು ಕೂತಿದ್ದರು. ನಾಲ್ಕು ಸುವಾರ್ತೆಗಳನ್ನೂ ರಾತ್ರಿ ಓದಿದೆ, ಆ ಹೆಂಗಸು ಒಂದರಲ್ಲೂ ಇಲ್ಲ ಎಂದರು ಮೇಷ್ಟ್ರು. ಯೇಸು ದಾರಿಯಲ್ಲಿ ಮೂರು ಸಲ ಬೀಳುವುದೂ ಇಲ್ಲ, ಅದನ್ನು ಬಿಡೋಣ, ಭಾರ ಹೊತ್ತವರು ಬೀಳುತ್ತಾರೆ. ಅಳುವ ಹೆಂಗಸರಿದ್ದಾರೆ, ಅವರು ಲೂಕನ ಸುವಾರ್ತೆಯಲ್ಲಿದ್ದಾರೆ. ಬಟ್ಟೆಯೂ ಬಟ್ಟೆಯ ಮೇಲೆ ಮೂಡುವ ಮುಖವೂ ಎಲ್ಲಿಂದ ಬಂತು. ಫಾದರ್ ಮೊದಲು ನಕ್ಕರು. ಆಮೇಲೆ ನಗು ಬಿಟ್ಟು ವಾದಕ್ಕಿಳಿದರು. ಎಲ್ಲವನ್ನೂ ಬರೆದಿಟ್ಟಿಲ್ಲ ಎಂದು ಆ ಪುಸ್ತಕವೇ ಹೇಳುತ್ತದೆ, ಪುಸ್ತಕಕ್ಕಿಂತ ಮುಂಚೆ ಧರ್ಮಸಭೆ ಇತ್ತು, ಯಾವುದು ಒಳಗೆ ಯಾವುದು ಹೊರಗೆ ಎಂದು ಕೂತು ಆರಿಸಿದ್ದೂ ಅದೇ ಸಭೆ, ಆ ಸಭೆ ಬಾಯಿಂದ ಬಾಯಿಗೆ ಕಾಪಾಡಿದ್ದನ್ನು ಬೇಡವೆಂದು ಅದು ಆರಿಸಿ ಕೊಟ್ಟ ಪುಸ್ತಕ ಮಾತ್ರ ಬೇಕೆನ್ನುವುದು ಯಾವ ನ್ಯಾಯ ಎಂದರು. ನಾವು ಕ್ಯಾಥೊಲಿಕ್ ಹುಡುಗರು ಒಳಗೊಳಗೇ ಸಿಳ್ಳೆ ಹೊಡೆದೆವು. ಸಿಕ್ಸರ್ ಅಂದರೆ ಅದು.

ಮೇಷ್ಟ್ರು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು.

“ನಿಮಗೆ ಪರಂಪರೆ ಅಂದ್ರೆ ಹೂವು, ಮೇಣದಬತ್ತಿ ಫಾದರ್. ನಮ್ಮ ತಾತಂಗೆ ಊರ ಬಾವಿ ಹತ್ರ ಬರಬೇಡ ಅಂದ್ರಲ್ಲ, ಅದೂ ಪರಂಪರೆನೇ. ಬಾಯಿಂದ ಬಾಯಿಗೆ ಬಂದಿದ್ದು. ತಾತ ಮಿಷನ್ ಶಾಲೇಲಿ ಅಕ್ಷರ ಕಲಿತ ಮೇಲೆ ಊರೋರ ಮುಂದೆ ನಿಂತು, ಎಲ್ಲಿ ಬರೆದಿದೆ ತೋರಿಸಿ ಅಂದ. ಒದೆ ತಿಂದ. ಆವತ್ತಿಂದ ನಮ್ಮ ಮನೇಲಿ ಆ ಒಂದು ಪ್ರಶ್ನೆ ಬಿಟ್ರೆ ಬೇರೆ ಆಸ್ತಿ ಇಲ್ಲ.”

ನಾನು ಎರಡು ವಾರದಿಂದ ಗಂಟಲಲ್ಲಿಟ್ಟು ಆಡಿಸುತ್ತಿದ್ದ ಮಾತು ಅದು. ಒದೆ ತಿಂದವರ ಮನೆಯಿಂದ ಬಂದದ್ದು ಎಂದು ನನಗೇನು ಗೊತ್ತು. ಆಮೇಲೆ ಆ ದನಿ ತೆಗೆಯಲು ಹೋದರೆ ಕೆಮ್ಮು ಮಾತ್ರ ಬರುತ್ತಿತ್ತು.

ಆದರೆ ಅದೇ ಪ್ರಶ್ನೆ ಈಗ ಬಂದು ನಿಂತಿದ್ದು ಯಾರೆದುರಿಗೆ? ಬಾವಿ ಕಾಯುವ ಗೌಡನೆದುರಿಗಲ್ಲ. ಗರುಡಾಚಾರ್‌ಪಾಳ್ಯದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದುಡಿದು, ಆರೂವರೆಗೆ ಬೆವರು ಒರೆಸಿಕೊಂಡು ಓಡಿಬರುತ್ತಿದ್ದ ಹೆಂಗಸಿನೆದುರಿಗೆ. ಅದು ಜಗಲಿಯ ಮೇಲಿದ್ದ ಇಬ್ಬರಿಗೂ ಹೊಳೆಯಲಿಲ್ಲ. ಆಂಟಿ ಕೆಳಗೆ ಮೆಟ್ಟಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮೇಲೆ ಬಾ ಎಂದು ಒಬ್ಬರೂ ಕರೆಯಲಿಲ್ಲ.

ವಾದ ಬೀದಿಗಿಳಿದು ವಾರ ಪೂರ್ತಿ ನಡೆಯಿತು. ನಮ್ಮವರು ಕ್ಷೌರದಂಗಡಿಯಲ್ಲಿ ಕೂತು ನಿಮ್ಮ ಸತ್ಯವೇದದಿಂದ ಇಡೀ ಪುಸ್ತಕಗಳನ್ನೇ ಕಿತ್ತು ಹಾಕಿದ್ದೀರಿ ಎಂದರು. ಅವರು, ನೀವು ಸೇರಿಸಿದ್ದೀರಿ ಎಂದರು. ಎರಡು ಕಡೆಯೂ ಅವುಗಳಲ್ಲಿ ಒಂದನ್ನಾದರೂ ಓದಿದವರು ಯಾರೂ ಇರಲಿಲ್ಲ. ನಮ್ಮ ಪೇತ್ರ ಅವರ ಯೋಹಾನನ ಜೊತೆ ಮಾತು ಬಿಟ್ಟ. ಅವರ ಸಭೆಯ ಕಮಿಟಿ ಕೂತು ನಿರ್ಣಯ ಮಾಡಿತು: ತಮ್ಮ ಕಾಂಪೌಂಡಿನೊಳಗೆ ವಾಕ್ಯದಲ್ಲಿ ಇಲ್ಲದ್ದು ನಡೆಯಕೂಡದು. ಮೇಷ್ಟ್ರು ಬೆದರಿಸಲಿಲ್ಲ, ಕೂಗಾಡಲಿಲ್ಲ. ಬೇಕಾದರೆ ಬೇರೆ ಜಾಗ ನೋಡಿಕೊಳ್ಳಿ ಫಾದರ್, ನಮ್ಮ ಹುಡುಗರು ಅಲ್ಲಿಗೂ ಬರ್ತಾರೆ ಎಂದರು. ಬೇರೆ ಜಾಗ ಎಲ್ಲಿತ್ತು? ಪೋಸ್ಟರ್ ಅಂಟಿಸಿಯಾಗಿತ್ತು, ಹಾಲ್ ಕಟ್ಟಲು ದಾನ ಕೊಡುವ ದೊಡ್ಡವರನ್ನು ಮುಂದಿನ ಸಾಲಿಗೆ ಕರೆದಾಗಿತ್ತು. ಧರ್ಮಸಭೆಯ ಪರಂಪರೆ ಸತ್ಯವೇದದ ಎದುರಿಗೆ ಸೋಲಲಿಲ್ಲ, ಅದಕ್ಕೆ ನಾನೇ ಸಾಕ್ಷಿ. ಅದು ಸೋತದ್ದು ಮೈದಾನದ ಎದುರಿಗೆ.

ಶುಕ್ರವಾರ ನಮ್ಮ ಚರ್ಚಿನಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ. ಫಾದರ್ ಮುಂದೆ, ಜನ ಹಿಂದೆ, ಚಿತ್ರದಿಂದ ಚಿತ್ರಕ್ಕೆ. ಆರನೆಯ ಸ್ಥಳದಲ್ಲಿ ಎಲ್ಲರ ಜೊತೆ ಮೊಣಕಾಲೂರಿ, ಆ ಹೆಂಗಸಿನ ಧೈರ್ಯ ನಮಗೂ ಕೊಡು ಸ್ವಾಮಿ ಎಂದು ಫಾದರ್ ಬೇಡಿಕೊಂಡರು. ಹದಿನಾಲ್ಕನೆಯದು ಮುಗಿದ ಮೇಲೆ ಪ್ರಕಟಣೆ ಓದಿದರು: ಐಕ್ಯದ ದೃಷ್ಟಿಯಿಂದ ಈ ವರ್ಷದ ನಾಟಕದಲ್ಲಿ ವೆರೋನಿಕಾಳ ದೃಶ್ಯ ಇರುವುದಿಲ್ಲ. ನಾನು ಸುತ್ತ ನೋಡಿದೆ. ನಗು ಬಂದವನು ನಾನೊಬ್ಬನೇ. ಬೀದಿಯಲ್ಲಿ ಒಂದು ವಾರ ತೋಳೇರಿಸಿದ್ದ ನಮ್ಮ ಗಂಡಸರು ಫಾದರ್ ಹೇಳಿದ ಮೇಲೆ ಮುಗಿಯಿತು ಎಂದು ಚಪ್ಪಲಿ ಮೆಟ್ಟಿಕೊಂಡರು. ವಿಧೇಯತೆ ಎಂದರೆ ಅದು, ಮೇಷ್ಟ್ರು ನೋಡಿ ಕಲಿಯಬೇಕು.

ಬಾಗಿಲ ಬಳಿ ಆಂಟಿ ಫಾದರನ್ನು ತಡೆದರು. ಹರಕೆಯ ವಿಷಯ ಹೇಳಿದರು. ಅಷ್ಟು ಜನರ ನಡುವೆ, ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಮುಂಚೆ ಕೇಳಿರಲಿಲ್ಲ. ಒಂದೇ ಸಲ ಹೋಗಿ ಒರೆಸಿ ಬಂದುಬಿಡುತ್ತೇನೆ, ಹೆಸರು ಹೇಳಬೇಡಿ, ಮುಖ ಮೂಡಿದ ಬಟ್ಟೆ ತೋರಿಸಬೇಡಿ, ಕ್ಲಾರಿಯೊನೆಟ್ಟೂ ಬೇಡ ಎಂದರು. ಫಾದರ್ ಸಮಾಧಾನದ ದನಿಯಲ್ಲೇ ಹೇಳಿದರು.

“ಇದು ವಿಶ್ವಾಸದ ಸತ್ಯ ಅಲ್ಲಮ್ಮ, ಭಕ್ತಿ ಅಷ್ಟೇ. ಹರಕೆಯಿಂದ ಬಿಡಿಸೋ ಅಧಿಕಾರ ನಂಗಿದೆ. ಬಿಡಿಸಿದ್ದೀನಿ. ನಿಶ್ಚಿಂತೆಯಾಗಿ ಮನೆಗೆ ಹೋಗು.”

ಆಂಟಿ ಹೋದರು. ಯಾರೋ ಲೈನ್ ಕಟ್ ಮಾಡಿದಾಗ ಆಪರೇಟರು ಸುಮ್ಮನೆ ಪ್ಲಗ್ ತೆಗೆಯುತ್ತಾರಲ್ಲ, ಹಾಗೆ.

ಮರುದಿನ ಶನಿವಾರ ಕ್ಯಾಸೆಟ್ ತಿದ್ದುವ ಕೆಲಸ ನನಗೆ ಬಂತು. ಮಾತಿಲ್ಲದವಳನ್ನು ಅಳಿಸುವುದು ಎಷ್ಟು ಸುಲಭವೆಂದು ಅವತ್ತು ತಿಳಿಯಿತು. ಕ್ಲಾರಿಯೊನೆಟ್ಟು ಶುರುವಾಗುವ ಕಡೆ ನಿಲ್ಲಿಸಿ, ರೆಕಾರ್ಡ್ ಒತ್ತಿ, ಅದರ ಮೇಲೆ ಮೇಷ್ಟ್ರು ಆರಿಸಿಕೊಟ್ಟ ವಾಕ್ಯಗಳನ್ನು ಗಂಭೀರ ದನಿಯಲ್ಲಿ ಓದಬೇಕು. ಮೆಷಿನ್ ಸೆಲ್ವಿನ್‌ನದು. ಅವನಿಗೆ ಒತ್ತು ಎಂದೆ. ಅವನು ತಲೆಯೆತ್ತಲಿಲ್ಲ.

“ನೀನೇ ಒತ್ಕೋ ಗುರು. ಬೆಂಚ್ ಮೇಲೆ ನಿಂತು ಅಮ್ಮನ್ನ ಗೇಟಾಚೆ ಕಳಿಸಿದ್ಯಲ್ಲ, ಹಂಗೆ.”

ಒತ್ತಿದೆ. ಚೆನ್ನಾಗಿಯೇ ಓದಿದೆ. ಮಧ್ಯೆ ಒಂದು ಕಡೆ ನಾನೇ ಹಿಂದೆ ಕೂಗಿದ್ದ ಜನಸಾಗರದ ತುದಿ ಸ್ವಲ್ಪ ಉಳಿದುಕೊಂಡಿತು, ಬಕೆಟ್ಟಿನೊಳಗಿನ ಗುಂಯ್ ಎಂಬ ಸದ್ದು. ಅದನ್ನು ತೆಗೆಯಲು ಆಗಲಿಲ್ಲ. ಸೆಲ್ವಿನ್ ಹೆಡ್‌ಫೋನನ್ನು ಮೆಷಿನ್ ಮೇಲಿಟ್ಟು ಹೋದ.

ಮುಂದಿನ ಶನಿವಾರ ನಾಟಕ ನಡೆಯಿತು. ದೊಡ್ಡವರು ಮುಂದಿನ ಸಾಲಿನಲ್ಲಿ ಕೂತರು, ಪಿಲಾತ ಕೈ ತೊಳೆದ, ಕೋಳಿ ಹೊತ್ತಿಗೆ ಸರಿಯಾಗಿ ಕೂಗಿತು. ಆರನೆಯ ಸ್ಥಳ ಬರಬೇಕಾದ ಕಡೆ ನಮ್ಮ ಯೇಸು, ದೊಮ್ಮಲೂರಿನ ಮೆಕ್ಯಾನಿಕ್ ಹುಡುಗ, ಹಳೆಯ ರೂಢಿಗೆ ಅರೆಕ್ಷಣ ನಿಂತು ಮುಖವೆತ್ತಿ ಎಡಕ್ಕೆ ನೋಡಿದ. ಯಾರೂ ಬರಲಿಲ್ಲ. ಸೈನಿಕ ತಳ್ಳಿದ, ಮುಂದೆ ಹೋದ. ಅಂಟು ಬೆವರಿಗೆ ಕರಗಿ ಗಡ್ಡದ ಒಂದು ಮೂಲೆ ಜೋಲುತ್ತಿತ್ತು. ಮಾರನೆಯ ದಿನ ಎರಡೂ ಚರ್ಚುಗಳಲ್ಲಿ ಐಕ್ಯವನ್ನು ಹೊಗಳಿದರು. ಮರುವರ್ಷ ನಮ್ಮ ಹಾಲ್ ಎದ್ದಿತು, ನಾಟಕ ನಮ್ಮ ಗೇಟಿನೊಳಗೆ ವಾಪಸು ಬಂತು, ವೆರೋನಿಕಾಳೂ ಬಂದಳು. ಬೇರೊಬ್ಬ ಹುಡುಗಿ, ಬೇರೊಂದು ಬಟ್ಟೆ. ಎರಡು ಸಭೆಗಳು ಒಂದಾದದ್ದು ನನಗೆ ತಿಳಿದಂತೆ ಆ ಒಂದು ವಿಷಯದಲ್ಲಿ ಮಾತ್ರ, ಆ ಹೆಂಗಸನ್ನು ಕೈಬಿಡುವುದರಲ್ಲಿ.

ಫಿಲೋಮಿನಾ ಆಂಟಿ ಆ ವರ್ಷವೇ ಸಿ.ವಿ. ರಾಮನ್ ನಗರದ ಕಡೆ ಮನೆ ಮಾಡಿದರು. ಕ್ಷಮೆ ಕೇಳೋಣವೆಂದು ಒಂದು ದಿನ ಕಾರ್ಖಾನೆಗೆ ಫೋನ್ ಮಾಡಿದೆ. ಯಾರ ದನಿಯನ್ನೂ ಹಾಕಿಕೊಳ್ಳದೆ, ಜನ್ಮದಲ್ಲಿ ಮೊದಲ ಸಲ, ನನ್ನದೇ ದನಿಯಲ್ಲಿ ಆಂಟಿ ಎಂದೆ. ಅವರು ಸ್ವಿಚ್‌ಬೋರ್ಡಿನ ದನಿಯಲ್ಲಿ, ಯಾರು ಬೇಕಾಗಿತ್ತು ಸಾರ್, ಯಾವ ಡಿಪಾರ್ಟ್‌ಮೆಂಟು ಎಂದರು. ನಾನು ಅಂತು ಎನ್ನುವಷ್ಟರಲ್ಲಿ ಸ್ಟೋರ್ಸಿಗೆ ಕನೆಕ್ಟ್ ಮಾಡಿಬಿಟ್ಟರು. ಸ್ಟೋರ್ಸಿನವನು ಹಲೋ ಹಲೋ ಎಂದು ಕೂಗಿಕೊಂಡ. ನನ್ನನ್ನು ಯಾವತ್ತೂ ಗುರುತಿಸದೆ ಬಿಡದಿದ್ದ ಕಿವಿ ಅದು.

ಆದರೆ ವಿಷಯ ಮುಗಿದದ್ದು ಇದೆಲ್ಲಕ್ಕಿಂತ ಮೊದಲೇ, ಆ ಪ್ರಕಟಣೆಯ ನಂತರ, ನಾಟಕಕ್ಕೆ ಮುಂಚಿನ ವಾರ, ಆಂಟಿಯ ಮನೆಯ ಮುಂದಿನ ಕೋಣೆಯಲ್ಲಿ. ಆಂಟಿ ರಿಹರ್ಸಲ್‌ಗೆ ಬರುವುದನ್ನು ಬಿಟ್ಟಿದ್ದರು. ಅವರ ಜೊತೆಗೆ ಜೆರುಸಲೇಮಿನ ಹೆಂಗಸರೆಲ್ಲ ಬಿಟ್ಟಿದ್ದರು. ಅಳುವವರಿಲ್ಲದೆ ಶಿಲುಬೆ ಮೆರವಣಿಗೆ ಗಣೇಶನ ಮೆರವಣಿಗೆಯ ಹಾಗೆ ಕಾಣುತ್ತಿತ್ತು. ಹಾಗಾಗಿ ಫಾದರೂ ಮೇಷ್ಟ್ರೂ ಒಟ್ಟಿಗೆ ಅವರ ಮನೆಗೆ ಹೊರಟರು, ದಾರಿ ತೋರಿಸಲು ನನ್ನನ್ನು ಕರೆದುಕೊಂಡರು. ಆಂಟಿ ಆಗತಾನೇ ಕೆಲಸದಿಂದ ಬಂದಿದ್ದರು, ಸೀರೆಯ ಪಿನ್ನು ಕೂಡ ತೆಗೆದಿರಲಿಲ್ಲ. ಕುರ್ಚಿ ಹಾಕಿದರು, ನೀರು ಕೊಟ್ಟರು, ಗೋಡೆಗೊರಗಿ ನಿಂತರು. ನನ್ನ ಕಡೆ ನೋಡಲಿಲ್ಲ.

ಮೇಷ್ಟ್ರು ಬಹಳ ಯೋಚಿಸಿ ಬಂದಿದ್ದರು. ಆಂಟಿಗೆ ನೋವಾಗಿದೆ ಎಂಬುದು ಅವರಿಗೆ ನಿಜವಾಗಿಯೂ ಬಾಧಿಸಿತ್ತು. ಅದಕ್ಕೇ ಇನ್ನೊಂದು ಪಾತ್ರ ಹುಡುಕಿ ತಂದಿದ್ದರು: ಪಿಲಾತನ ಹೆಂಡತಿ. ಒಳ್ಳೆಯ ಸೀರೆ, ಕುರ್ಚಿ, ಒಂದು ಮಾತೂ ಇದೆ, ಮತ್ತಾಯನಲ್ಲಿ ಬರೆದೂ ಇದೆ ಎಂದರು. ಆಕೆ ಏನು ಮಾಡುತ್ತಾಳೆ ಸಾರ್ ಎಂದು ಆಂಟಿ ಕೇಳಿದರು. ಯೇಸುವಿನ ಬಗ್ಗೆ ಕನಸು ಕಂಡು, ಆ ನೀತಿವಂತನ ತಂಟೆಗೆ ಹೋಗಬೇಡ ಎಂದು ಗಂಡನಿಗೆ ಹೇಳಿ ಕಳಿಸುತ್ತಾಳೆ ಎಂದರು ಮೇಷ್ಟ್ರು. ಗಂಡ ಕೇಳುತ್ತಾನಾ? ಇಲ್ಲಮ್ಮ. ಆಂಟಿ ರಾಂಗ್ ನಂಬರ್ ಎನ್ನುವ ಹಾಗೆ ತಲೆ ಅಲ್ಲಾಡಿಸಿದರು.

ಫಾದರ್ ಐಕ್ಯದ ಬಗ್ಗೆ ಸ್ವಲ್ಪ ಮಾತಾಡಿದರು. ಹೊರಗೆ ಪಾನಿಪೂರಿ ಗಾಡಿಯವನು ತಟ್ಟೆ ಬಡಿಯುತ್ತಿದ್ದ. ಮೇಷ್ಟ್ರು ಎದ್ದು ನಿಂತರು, ಮುಖದಲ್ಲಿ ದುಃಖವೇ ಇತ್ತು.

“ಬರೆದಿರೋದಕ್ಕಿಂತ ಹೆಚ್ಚು ತೋರಿಸೋ ಹಕ್ಕು ನಮಗಿಲ್ಲಮ್ಮ. ಆ ದಾರೀಲಿ ಯಾರೋ ಬಂದು ಮುಖ ಒರೆಸಿದ್ರು ಅಂತ ಎಲ್ಲೂ ಬರೆದಿಲ್ಲ.”

ಆಂಟಿ ಫಾದರ್ ಕಡೆ ತಿರುಗಿದರು. ಫಾದರ್ ನೀರಿನ ಲೋಟ ನೋಡುತ್ತಾ ಹೌದಮ್ಮ ಎಂದರು. ಆಂಟಿ ಖಾಲಿ ಲೋಟಗಳನ್ನು ಎತ್ತಿಕೊಂಡರು. ದನಿ ಏರಲಿಲ್ಲ, ಕಟ್ಟಲಿಲ್ಲ. ಬೋರ್ಡಿನ ಮುಂದೆ ಕೂತವರ ದನಿಯಲ್ಲೇ, ಒಂದೊಂದು ಮಾತೂ ಕೇಳುವ ಹಾಗೆ ಹೇಳಿದರು.

“ಸರಿ ಸಾರ್, ಬರೆದಿಲ್ಲ. ಹಂಗಾದ್ರೆ ಅಷ್ಟು ಜನ ನಿಂತು ನೋಡ್ತಾ ಇದ್ರು, ಒಬ್ರೂ ಮುಖ ಒರೆಸ್ಲಿಲ್ಲ ಅಂತ ಆಯ್ತು. ಅದನ್ನ ತೋರ್ಸಕ್ಕೆ ನಾಟಕ ಯಾಕೆ ಫಾದರ್? ಅದು ದಿನಾ ನಡೀತಾನೇ ಇದೆಯಲ್ಲ.”